ಅಪ್ಪನ ಪಹರೆಯ ಎರಡು ತಾಸು

ಆಯಿ ಊರಿನಿಂದ ಬರುವ ಹಿಂದಿನ ದಿನ ನಮಗೆ ಎಲ್ಲ ದಿನಗಳಂಥದೇ ದಿನವಾಗಿತ್ತು. ಆಯಿ ಎಂದರೆ ಅಪ್ಪನ ತಾಯಿ. ನಾನು ಬೆಳಗಿನ ಶಾಲೆ ಮುಗಿಸಿ ಠಾಣೆ ಪಟ್ಟಣದ ಪಕ್ಕದ ಕಳವಾ ಎಂಬಲ್ಲಿದ್ದ ನಮ್ಮ ಖೋಲಿಗೆ ಬಂದೆ. ಅವ್ವ ಠಾಣೆಗೆ ಕೆಲಸಕ್ಕೆ ಹೋಗುವ ಮೊದಲು ಕಟ್ಟಿಟ್ಟಿದ್ದ ಡಬ್ಬಿ ತೆಗೆದುಕೊಂಡು ಕಾರ್ಖಾನೆಯ ಕಡೆಗೆ ನಡೆದೆ. ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಸ್ಟೇಷನ್ ದಾಟಿ ಬೇಲಾಪುರ ರಸ್ತೆಯಲ್ಲಿ ಇಪ್ಪತ್ತು ನಿಮಿಷದ ದಾರಿ. ಅಪ್ಪ ಗೇಟಿನ ಮುಂದೆ ಕಂಬಳಿಯ ಮೇಲೆ ಕೂತಿದ್ದ. ಹಾಗೆ ಕೂರುವುದು ಅವನ ಕೆಲಸವಾಗಿ ಒಂದೂವರೆ ವರ್ಷವಾಗಿತ್ತು.

ಅದು ನೀರೆತ್ತುವ ಪಂಪು ಮಾಡುವ ಕಾರ್ಖಾನೆ. ಅಪ್ಪ ಅಲ್ಲಿ ಲೇಥ್ ಯಂತ್ರದ ಮೇಲೆ ಹನ್ನೊಂದು ವರ್ಷ ಕೆಲಸ ಮಾಡಿದ್ದ. ಒಂದು ಸೋಮವಾರ ಹೋದಾಗ ಗೇಟಿಗೆ ಬೀಗವಿತ್ತು, ಬೀಗದ ಮೇಲೆ ಒಂದು ಕಾಗದ ಅಂಟಿಸಿತ್ತು. ಕೆಲಸಗಾರರ ಲೀಡರ್ ಠಾಣೆಯವರು, ಮರಾಠಿಯವರು. ಅವರು ಎಲ್ಲರಿಗೂ ಒಂದೇ ಮಾತು ಹೇಳಿದರು. ಯಂತ್ರಗಳು ಒಳಗೆ ಇರುವತನಕ ಇದು ಕಾರ್ಖಾನೆ, ಇಂದಲ್ಲ ನಾಳೆ ತೆರೆಯಬಹುದು. ಯಂತ್ರಗಳು ಹೊರಗೆ ಹೋದರೆ ಇದು ಬರೀ ಜಾಗ, ಜಾಗಕ್ಕೆ ಕೆಲಸಗಾರರು ಬೇಕಾಗುವುದಿಲ್ಲ. ಹೀಗಾಗಿ ಗೇಟಿನ ಎದುರು ತಾಡಪತ್ರಿಯ ನೆರಳು ಕಟ್ಟಿ, ಮೂರು ಪಾಳಿ ಮಾಡಿಕೊಂಡು, ಯಾವ ಯಂತ್ರವೂ ಹೊರಗೆ ಹೋಗದಂತೆ ಕೂತರು. ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಮರಾಠಿಯಲ್ಲಿ ಬರೆದು ತೂಗು ಹಾಕಿದ್ದರು: ಜಾಗತಾ ಪಹಾರಾ.

ನನ್ನ ಶಾಲೆ ಮರಾಠಿಯದು. ಕನ್ನಡ ಓದಲು, ಬರೆಯಲು ಕಲಿಸಿದವನು ಅಪ್ಪ. ಅದನ್ನೂ ಹೆಚ್ಚಾಗಿ ಆ ಗೇಟಿನ ಮುಂದೆಯೇ, ಮಣ್ಣಿನ ಮೇಲೆ ಕಡ್ಡಿಯಿಂದ. ಅವತ್ತು ಅವನು ಉಣ್ಣುತ್ತಿರುವಾಗ ನಾನು ಆ ತಗಡಿನ ಬಗ್ಗೆ ಕೇಳಿದೆ.

"ಪಹಾರಾ ಅಂದ್ರ ಕಾವಲ. ಮತ್ತ ಜಾಗತಾ ಅಂತ ಯಾಕ ಬರದಾರ? ಕಾವಲ ಕುಂತವರು ಎಚ್ಚರ ಇರೂದಿಲ್ಲೇನು?"

"ಇರಬೇಕು. ಎಲ್ಲಾರೂ ಇರೂದಿಲ್ಲ. ಅದಕ್ಕ ಬರೀಬೇಕಾಗ್ತೈತಿ," ಎಂದ ಅಪ್ಪ.

ಆಮೇಲೆ ಊರಿನ ಕಾವಲುಗಳನ್ನು ಹೇಳಿದ. ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿದಾಗ ಅಟ್ಟದ ಮೇಲೆ ಕವಣೆ ಹಿಡಿದು ನಿಂತು ಹಕ್ಕಿ ಕಾಯುವುದು. ಸುಗ್ಗಿಯಲ್ಲಿ ಕಣ ಕಾಯುವುದು. ಮನೆಯವರೆಲ್ಲ ಮದುವೆಗೆ ಹೋದಾಗ ಹಿಂದೆ ಉಳಿದು ಮನೆ ಕಾಯುವುದು, ಅದು ಯಾರಿಗೂ ಬೇಡವಾದ ಕಾವಲು. ಸತ್ತವರನ್ನು ಮಣ್ಣಿಗೆ ಒಯ್ಯುವತನಕ ಕಾಯುವುದು. ಶಾಲೆಗೆ ಹೋಗದಿದ್ದರೆ ದನ ಕಾಯುವುದು. ಎಲ್ಲಕ್ಕೂ ಒಂದೇ ಮಾತು. ದಾರಿ ಕಾಯುವುದಕ್ಕೂ ಅದೇ.

ಪಾಳಿ ಬದಲಿಸಲು ಬಂದಿದ್ದ ಮಾಮಾ ಅದನ್ನು ಕೇಳಿಸಿಕೊಂಡು ನಕ್ಕರು. ನೆಂಟರಲ್ಲ, ನಾನು ಹಾಗೆ ಕರೆಯುತ್ತಿದ್ದೆ. ಅವರು ಉಡುಪಿ ಕಡೆಯವರು, ಡೊಂಬಿವಿಲಿಯಲ್ಲಿ ಮನೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರು, ಬೀಗ ಬಿದ್ದ ಮೇಲೆ ಬೇಲಾಪುರದ ಆಫೀಸೊಂದರ ಕ್ಯಾಂಟೀನಿನಲ್ಲಿ ಮಧ್ಯಾಹ್ನದವರೆಗೆ ದುಡಿದು ಎರಡು ಗಂಟೆಗೆ ಇಲ್ಲಿಗೆ ಬಂದು ಕೂರುತ್ತಿದ್ದರು.

"ತುಳುವಿನಲ್ಲೂ ಹಾಗೇ ಮಗಾ. ಕಾಪುನಿ ಅಂದ್ರೆ ಕಾವಲು ಕಾಯುದೂ ಆಯ್ತು, ಬರ್ತಾರಾ ಅಂತ ದಾರಿ ನೋಡುದೂ ಆಯ್ತು. ನಿನ್ನಪ್ಪ ಮತ್ತೆ ನಾನು ಇಲ್ಲಿ ಎರಡನ್ನೂ ಮಾಡ್ತಾ ಇದ್ದೇವಲ್ಲ. ಮಾಲೀಕರು ಮಾತ್ರ ಬರ್ಲಿಲ್ಲ."

"ನೀವು ಬಂದ್ರಲ್ಲ, ಸಾಕ್ರಿ," ಎಂದ ಅಪ್ಪ.

ಕಂಬಳಿಯ ಬಗ್ಗೆ ಹೇಳಬೇಕು. ಅದು ಅಪ್ಪ ಊರಿನಿಂದ ತಂದ ಕರಿ ಕಂಬಳಿ. ಕಣ ಕಾಯುವಾಗ ನಮ್ಮ ಕಡೆ ಒಂದು ಪದ್ಧತಿ ಇದೆ. ರಾಶಿಯ ಮುಂದೆ ಹಾಸಿದ ಕಂಬಳಿ ಒಂದು ಗಳಿಗೆಯೂ ಬರಿದಾಗಬಾರದು. ಮುಂದಿನ ಪಾಳಿಯವನು ಬಂದು ಒಂದು ಮೂಲೆಯಲ್ಲಿ ಕೂತ ಮೇಲೆಯೇ ಹಿಂದಿನವನು ಇನ್ನೊಂದು ಮೂಲೆಯಿಂದ ಏಳಬೇಕು. ಅಪ್ಪ ಅದನ್ನೇ ಇಲ್ಲಿಗೂ ತಂದಿದ್ದ. ದೊಡ್ಡ ಗೇಟಿನ ಬಾಯಿಗೆ ಅಡ್ಡಲಾಗಿ ಕಂಬಳಿ ಹಾಸುತ್ತಿದ್ದ. ಕೂತವರು ಎದ್ದು ಅದನ್ನು ಮಡಚದೆ ಯಾವ ಗಾಡಿಯೂ ಹೊರಗೆ ಬರುವ ಹಾಗಿರಲಿಲ್ಲ. ಮರಾಠಿ ಕೆಲಸಗಾರರು ಮೊದಮೊದಲು "ಕಾನಡ್ಯಾಚೀ ಘೋಂಗಡೀ" ಎಂದು ನಗುತ್ತಿದ್ದರು, ಕನ್ನಡದವನ ಕಂಬಳಿ ಎಂದು. ಆಮೇಲೆ ಅವರೂ ಮೂಲೆ ಹಿಡಿದು ಕೂತು, ಮೂಲೆಯಿಂದಲೇ ಏಳತೊಡಗಿದರು. ಒಂದೊಂದು ಪಾಳಿಗೆ ಐದು ಜನರಿದ್ದದ್ದು ಬರಬರುತ್ತ ಕಡಿಮೆಯಾಯಿತು. ಕೆಲವರು ಭಿವಂಡಿಯ ಮಗ್ಗಗಳಿಗೆ ಹೋದರು, ಕೆಲವರು ರಿಕ್ಷಾ ಹಿಡಿದರು. ಹಗಲಿನ ಪಾಳಿಗೆ ಕೊನೆಗೆ ಒಬ್ಬೊಬ್ಬರೇ ಉಳಿದಿದ್ದರು.

ಗೇಟಿನ ಒಳಗೂ ಒಬ್ಬ ಕಾವಲುಗಾರ ಇದ್ದ. ಮಾಲೀಕರ ವಾಚ್‌ಮನ್. ಖಾಕಿ ಅಂಗಿ, ಕೊರಳಲ್ಲಿ ಸೀಟಿ. ನಮ್ಮ ಊರಿನಿಂದ ಎರಡು ಹಳ್ಳಿ ಆಚೆಯವನು, ಅಪ್ಪನಿಗಿಂತ ಬಹಳ ದೊಡ್ಡವನು. ಮರಾಠಿಯವರು ಅವನನ್ನು ವಾಚ್‌ಮನ್ ಎನ್ನುತ್ತಿದ್ದರು, ಉತ್ತರದವರು ಚೌಕೀದಾರ್ ಎನ್ನುತ್ತಿದ್ದರು, ಅಪ್ಪ ಮತ್ತು ನಾನು ಕಾಕಾ ಎನ್ನುತ್ತಿದ್ದೆವು. ಅಪ್ಪ ಅರ್ಧ ರೊಟ್ಟಿ ಮುರಿದು ಗೇಟಿನ ಸರಳುಗಳ ನಡುವೆ ಕೊಡುತ್ತಿದ್ದ. ಕಾಕಾ ಆ ಕಡೆಯಿಂದ ತಂಬಾಕು ಕೊಡುತ್ತಿದ್ದ. ಅವತ್ತೂ ಹಾಗೇ ಆಯಿತು.

ಮರುದಿನ ಆಯಿ ಬರುವವಳಿದ್ದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಠಾಣೆಯ ದವಾಖಾನೆಯಲ್ಲಿ ಆಪರೇಷನ್ ಮಾಡಿಸಬೇಕೆಂದು ಅಪ್ಪ ಕಾಗದ ಬರೆದು ಕರೆಸಿಕೊಂಡಿದ್ದ. ಊರಿನವರೊಬ್ಬರು ಅದೇ ರೈಲಿನಲ್ಲಿ ದಾದರಿಗೆ ಹೊರಟಿದ್ದರು. ಅವರು ಆಯಿಯನ್ನು ಕಲ್ಯಾಣದಲ್ಲಿ ಇಳಿಸಿ ತಾವು ಮುಂದೆ ಹೋಗುವವರು. ಗಾಡಿ ಮೂರೂಕಾಲಿಗೆ. ಅಪ್ಪನ ಪಾಳಿ ಎರಡಕ್ಕೆ ಮುಗಿಯುತ್ತಿತ್ತು. ಲೆಕ್ಕ ಸರಿಯಾಗಿಯೇ ಇತ್ತು.

ಮರುದಿನವೂ ನಾನು ಡಬ್ಬಿ ತಂದು ಅಪ್ಪನ ಪಕ್ಕದಲ್ಲಿದ್ದೆ. ಎರಡಾಯಿತು. ಮಾಮಾ ಬರಲಿಲ್ಲ. ಬೇಲಾಪುರದ ಕಡೆಯಿಂದ ಒಂದು ಬಸ್ಸು ಬಂತು, ನಿಂತಿತು, ಯಾರೂ ಇಳಿಯಲಿಲ್ಲ. ಅಪ್ಪ ಕೂತಲ್ಲಿಂದಲೇ ಕುತ್ತಿಗೆ ಉದ್ದ ಮಾಡಿ ರಸ್ತೆ ನೋಡಿದ. ಇನ್ನೊಂದು ಬಸ್ಸು ನಿಲ್ಲದೆ ಹೋಯಿತು. ಎದುರಿನ ಚಹಾದ ಅಂಗಡಿಯ ಗಡಿಯಾರ ಎರಡೂಕಾಲು ದಾಟಿತು.

"ಅಪ್ಪಾ, ನೀ ಹೋಗು. ಆಯಿ ಒಬ್ಬಾಕಿ ನಿಂದರ್ತಾಳ," ಎಂದೆ.

"ಯಾರರ ಬರಬೇಕಲ್ಲ ಯವ್ವಾ."

"ನಾ ಕುಂದರ್ತೀನಿ."

"ನೀ ಸಣ್ಣಾಕಿ."

"ಕುಂದರಾಕ ಎಷ್ಟ ದೊಡ್ಡಾಕಿ ಆಗಬೇಕು?"

ಅಪ್ಪ ನಕ್ಕ. ನಗುತ್ತಲೇ ಮತ್ತೆ ರಸ್ತೆ ನೋಡಿದ. ಕಲ್ಯಾಣದ ಪ್ಲಾಟ್‌ಫಾರ್ಮಿನ ಗದ್ದಲ ಅವನಿಗೆ ಗೊತ್ತಿತ್ತು. ಆಯಿಗೆ ಕಣ್ಣು ಕಾಣಿಸುತ್ತಿರಲಿಲ್ಲ, ಕನ್ನಡ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಕೊನೆಗೆ ನನ್ನನ್ನು ಕಂಬಳಿಯ ಒಂದು ಮೂಲೆಯಲ್ಲಿ ಕೂರಿಸಿದ. ನಾನು ಕೂತ ಮೇಲೆ ಇನ್ನೊಂದು ಮೂಲೆಯಿಂದ ತಾನು ಎದ್ದ. ದೊಡ್ಡವರ ಜೊತೆ ಪಾಳಿ ಬದಲಿಸುವ ಹಾಗೆಯೇ ಮಾಡಿದ.

"ಏಳಬ್ಯಾಡ. ಯಾ ಗಾಡಿ ಬಂದ್ರೂ ಏಳಬ್ಯಾಡ. ಮೈಮ್ಯಾಲೆ ಯಾರೂ ಹಾಯಿಸೂದಿಲ್ಲ, ಹಾರ್ನ್ ಹೊಡೀತಾರ ಅಷ್ಟ. ಮಾಮಾ ಬಂದು ಕುಂತ ಮ್ಯಾಲೆ ಮನಿಗೆ ಹೋಗು."

ನನಗೆ ಆಗ ಹದಿಮೂರು. ನಾನು ಹೆಮ್ಮೆಯಿಂದ ಕೂತಿದ್ದೆ. ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ.

ಕಾರ್ಖಾನೆಯದೇ ಒಂದು ಲಾರಿ ಬೀಗ ಬಿದ್ದಾಗಿನಿಂದ ಒಳಗೇ ನಿಂತಿತ್ತು. ಆಫೀಸಿನ ಇಬ್ಬರು ಮೂವರು ಚಿಕ್ಕ ಬಾಗಿಲಿನಿಂದ ದಿನಾ ಬಂದು ಹೋಗುತ್ತಿದ್ದರು, ಅವರನ್ನು ಯಾರೂ ತಡೆಯುತ್ತಿರಲಿಲ್ಲ. ಆಗೀಗ ಲಾರಿಯ ಎಂಜಿನ್ ಶುರುಮಾಡಿ ನಿಲ್ಲಿಸುತ್ತಿದ್ದರು. ಬ್ಯಾಟರಿ ಇಳಿಯಬಾರದು ಎಂದು ಕಾಕಾ ಹೇಳುತ್ತಿದ್ದ. ಆವತ್ತು ಮೂರರ ಹೊತ್ತಿಗೆ ಎಂಜಿನ್ನಿನ ಸದ್ದು ಕೇಳಿದಾಗ ನಾನು ಅದನ್ನೇ ಅಂದುಕೊಂಡೆ. ಸದ್ದು ನಿಲ್ಲಲಿಲ್ಲ. ಹತ್ತಿರ ಬಂತು. ನಾನು ಕಂಬಳಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಹಾರ್ನ್ ಹೊಡೆಯಲಿಲ್ಲ. ಚಿಕ್ಕ ಬಾಗಿಲು ತೆರೆದು ಕಾಕಾ ಹೊರಗೆ ಬಂದ. ನನ್ನ ಮುಂದೆ ಬಂದು ನಿಂತ.

ನಾನು ಎದ್ದು ನಿಂತೆ.

ಯಾಕೆ ಎದ್ದೆ ಎಂದರೆ ಹೇಳುವುದಕ್ಕೆ ದೊಡ್ಡದೇನೂ ಇಲ್ಲ. ನಮ್ಮ ಮನೆಯಲ್ಲಿ ದೊಡ್ಡವರು ಬಂದು ನಿಂತರೆ ಸಣ್ಣವರು ಕೂತಿರುವುದಿಲ್ಲ. ಅದನ್ನು ಕಲಿಸಿದವರೂ ಅಪ್ಪ, ಅವ್ವನೇ. ಬರೀ ಲಾರಿ ಬಂದಿದ್ದರೆ, ಸಾಹೇಬರು ಬಂದಿದ್ದರೆ, ಪೊಲೀಸರು ಬಂದಿದ್ದರೂ ನಾನು ಏಳುತ್ತಿರಲಿಲ್ಲ ಎಂದು ಈಗಲೂ ನಂಬುತ್ತೇನೆ. ಬಂದವನು ಕಾಕಾ. ತಲೆಗೆ ಏನಾದರೂ ಹೊಳೆಯುವ ಮೊದಲು ಕಾಲು ಎದ್ದಿದ್ದವು.

ಕಾಕಾ ಬಗ್ಗಿ ಕಂಬಳಿ ಎತ್ತಿದ. ಮಣ್ಣು ಕೊಡವಿದ. ನಾಲ್ಕು ಮಡಿಕೆ ಮಾಡಿ ನನ್ನ ಕೈಯ ಮೇಲೆ ಇಟ್ಟ.

"ಕಸಾ ಐತಿ ತಂಗಿ. ಮುರಕಲ ಸಾಮಾನ. ಒಗದ ಬರ್ತಾರ," ಎಂದ. ನನ್ನ ಮುಖ ನೋಡಲಿಲ್ಲ.

ದೊಡ್ಡ ಗೇಟು ತೆರೆಯಿತು. ತಾಡಪತ್ರಿ ಬಿಗಿದು ಕಟ್ಟಿದ ಲಾರಿ ನಿಧಾನವಾಗಿ ನನ್ನ ಪಕ್ಕದಿಂದ ಹೋಯಿತು. ಡ್ರೈವರನ ಪಕ್ಕದಲ್ಲಿ ಆಫೀಸಿನವನೊಬ್ಬ ಮುಂದೆ ನೋಡುತ್ತ ಕೂತಿದ್ದ. ಗೇಟು ಮತ್ತೆ ಮುಚ್ಚಿತು. ನಾನು ಕಂಬಳಿಯನ್ನು ಮೊದಲಿದ್ದಲ್ಲಿಯೇ ಹಾಸಿ, ಮೂಲೆಗಳನ್ನು ಸರಿಮಾಡಿ ಕೂತೆ.

ಮಾಮಾ ನಾಲ್ಕು ದಾಟಿದ ಮೇಲೆ ಬಸ್ಸಿನಿಂದ ಓಡುತ್ತ ಬಂದರು.

"ಎಂತ ಮಾಡುದು ಮಾರಾಯ್ತಿ, ಆಫೀಸಿಗೆ ಯಾರೋ ದೊಡ್ಡ ಸಾಹೇಬ್ರು ಬಂದು ಊಟವೇ ಮುಗಿಲಿಲ್ಲ. ಅಪ್ಪ ಎಲ್ಲಿ?"

"ಆಯಿನ ಕರ್ಕೊಂಡ ಬರಾಕ ಕಲ್ಯಾಣಕ್ಕ ಹೋಗ್ಯಾನ."

"ನೀನೊಬ್ಳೇ ಕೂತದ್ದಾ ಇಷ್ಟು ಹೊತ್ತು? ಎಂತಾದ್ರೂ ಆಯ್ತಾ?"

"ಏನಿಲ್ಲ ಮಾಮಾ," ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕಸದ ಲಾರಿ ಹೋದದ್ದು ನನಗೆ ಹೇಳುವಂಥ ಸಂಗತಿ ಅನ್ನಿಸಲಿಲ್ಲ. ಅವರು ಒಂದು ಮೂಲೆಯಲ್ಲಿ ಕೂತರು, ನಾನು ಇನ್ನೊಂದು ಮೂಲೆಯಿಂದ ಎದ್ದೆ.

ಸಂಜೆ ಮನೆಯಲ್ಲಿ ಆಯಿ ಇದ್ದಳು. ಅಪ್ಪ ಸರಿಯಾದ ಹೊತ್ತಿಗೆ ಮುಟ್ಟಿದ್ದ. ಅವಳು ಗಂಟಿನ ಮೇಲೆ ಕೂತು ಅವನ ಹೆಸರು ಹಿಡಿದು ಕೂಗುತ್ತಿದ್ದಳಂತೆ. ಅವಳು ನನ್ನ ಮುಖವನ್ನು ಕೈಯಿಂದ ಸವರಿ ನೋಡಿದಳು, ಮೂಗು ತನ್ನದೇ ಎಂದಳು. ಅವ್ವ ನಕ್ಕಳು. ಎಲ್ಲರೂ ಉಣ್ಣಲು ಕೂತಾಗ ಅಪ್ಪ ಕೇಳಿದ.

"ಮಾಮಾ ಎಷ್ಟೊತ್ತಿಗೆ ಬಂದ್ರು?"

"ನಾಲ್ಕರ ಮ್ಯಾಲೆ. ಅದಕ್ಕಿಂತ ಮೊದಲ ಕಸದ ಲಾರಿ ಒಂದ ಹೋತು. ಕಾಕಾ ಹೇಳಿದ."

ಅಪ್ಪ ತುತ್ತು ಹಿಡಿದ ಕೈ ಹಾಗೇ ಇಟ್ಟ.

"ಲಾರಿ ಟಾಯರ್ ಹೆಂಗಿದ್ದವು?"

"ಹೆಂಗಂದ್ರ?"

"ದುಂಡಗಿದ್ವೋ, ಕೆಳಗ ಚಪ್ಪಟಿ ಆಗಿದ್ವೋ?"

ನಾನು ನೆನಪು ಮಾಡಿಕೊಂಡೆ. ನನ್ನ ಪಕ್ಕದಿಂದಲೇ ಹೋದ ಗಾಲಿಗಳು. "ಚಪ್ಪಟಿ ಆಗಿದ್ದವು," ಎಂದೆ.

ಕಸಕ್ಕೆ ಟಾಯರ್ ಚಪ್ಪಟೆಯಾಗುವುದಿಲ್ಲ. ಅಷ್ಟು ಭಾರ ಕಬ್ಬಿಣದ್ದು. ಅಪ್ಪ ತುತ್ತನ್ನು ತಾಟಿಗೆ ಹಾಕಿ, ಕೈ ತೊಳೆದು, ಅಂಗಿ ಹಾಕಿಕೊಂಡು ಠಾಣೆಗೆ ಲೀಡರ್ ಮನೆಗೆ ಹೋದ. ಏನಾಯಿತೋ ಎಂದು ಆಯಿ ಕೇಳುತ್ತಿದ್ದಳು. ಅವ್ವ ಅವನ ತಾಟು ಮುಚ್ಚಿಟ್ಟಳು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋಗಲಿಲ್ಲ, ಅಪ್ಪನ ಹಿಂದೆ ಹೋದೆ. ತಾಡಪತ್ರಿಯ ಕೆಳಗೆ ಮೂವತ್ತು ಜನರಾದರೂ ಇದ್ದರು. ಭಿವಂಡಿಗೆ ಹೋದವರೂ ಸುದ್ದಿ ತಿಳಿದು ಬಂದಿದ್ದರು. ಕೆಲವರು ಹಿಂದಿನ ನಾಲೆಯ ಕಡೆಯಿಂದ ಗೋಡೆ ಹತ್ತಿ ಕಿಟಕಿಯಲ್ಲಿ ನೋಡಿ ಬಂದಿದ್ದರು. ಒಳ್ಳೆಯ ಲೇಥ್‌ಗಳು ಮೂರೂ ಇರಲಿಲ್ಲ. ನೆಲದಲ್ಲಿ ಬೋಲ್ಟಿನ ತೂತು ಉಳಿದಿದ್ದವು.

ಲೀಡರ್ ಎಲ್ಲರ ಮುಂದೆ ಕೇಳಿದರು, "ಕಾಲ್ ದುಪಾರೀ ಕೋಣ್ ಬಸಲಾ ಹೋತಾ?" ನಿನ್ನೆ ಮಧ್ಯಾಹ್ನ ಯಾರು ಕೂತಿದ್ದರು?

ನಾನು ಅಪ್ಪನ ಹಿಂದೆ ನಿಂತಿದ್ದೆ. ಅವನು ಕೈಯನ್ನು ಹಿಂದೆ ಚಾಚಿ ನನ್ನ ಭುಜದ ಮೇಲೆ ಇಟ್ಟ.

"ಮೀ ಹೋತೋ. ಘೋಂಗಡೀ ಸಾವಲೀತ್ ಓಢಲೀ, ಝೋಪ್ ಲಾಗಲೀ," ಎಂದ. ನಾನಿದ್ದೆ. ಕಂಬಳಿ ನೆರಳಿಗೆ ಎಳೆದುಕೊಂಡೆ, ನಿದ್ದೆ ಹತ್ತಿತು.

ಮಾಮಾ ತಲೆ ಎತ್ತಿದರು. ಅಪ್ಪ ಅವರನ್ನು ನೋಡಿದ. ಅವರು ಮತ್ತೆ ತಲೆ ತಗ್ಗಿಸಿದರು.

ಆಮೇಲೆ ಹಿಂದಿನಿಂದ ಒಬ್ಬ, "ಘೋಂಗಡೀ ಅಂಥರಲೀ ಕೀ ಝೋಪ್ ಯೇಣಾರಚ್," ಎಂದ. ಕಂಬಳಿ ಹಾಸಿದ ಮೇಲೆ ನಿದ್ದೆ ಬಂದೇ ಬರುತ್ತದೆ. ಕೆಲವರು ನಕ್ಕರು. ನಕ್ಕವರೂ ಸಿಟ್ಟಿನಲ್ಲಿಯೇ ಇದ್ದರು. ಲೀಡರ್ ಬೈಯಲಿಲ್ಲ. ಕಂಬಳಿಯನ್ನು ಮಡಚಿ ಅಪ್ಪನ ಕೈಗೆ ಕೊಟ್ಟು, ನಾಳೆಯಿಂದ ಬರುವುದು ಬೇಡ ಎಂದರು.

ದಾರಿಯಲ್ಲಿ ನಾನು ಕೇಳಿದೆ, "ಅಪ್ಪಾ, ಯಾಕ ಹಂಗ ಹೇಳಿದಿ?"

"ಕಾಕಾನ್ನ ಹೊಡೀತಿದ್ರು ಯವ್ವಾ. ಮುದುಕ ಅಂವ." ಸ್ವಲ್ಪ ದೂರ ನಡೆದ ಮೇಲೆ, "ನಿನ್ನ ನಿಂದರಿಸಿ ಕೇಳ್ತಿದ್ರು," ಎಂದ. ಅದರ ಬಗ್ಗೆ ಅವನು ನನ್ನೊಂದಿಗೆ ಆಡಿದ ಮಾತು ಅಷ್ಟೇ. ಕಾಕಾ ಒಂದು ವಾರದಲ್ಲಿ ಊರಿಗೆ ಹೋದ, ತಿರುಗಿ ಬರಲಿಲ್ಲ. ಆಫೀಸಿನವರು ಅವನಿಗೆ ಏನು ಹೇಳಿ ಹೊರಗೆ ಕಳಿಸಿದ್ದರೋ ನನಗೆ ಗೊತ್ತಿಲ್ಲ. ಅವನ ಮೇಲೆ ನನಗೆ ಸಿಟ್ಟು ಬಂದದ್ದು ಬಹಳ ವರ್ಷಗಳ ಮೇಲೆ.

ಆಮೇಲೆ ಉಳಿದ ಯಂತ್ರಗಳೂ ಒಂದೊಂದಾಗಿ ಹೋದವು. ಮೂರು ಲೇಥ್ ಹೋಗದಿದ್ದರೆ ಕಾರ್ಖಾನೆ ತೆರೆಯುತ್ತಿತ್ತು ಎಂದು ಯಾರಿಗೂ ಖಾತ್ರಿ ಇರಲಿಲ್ಲ. ಆದರೂ ಸ್ಟೇಷನ್ನಿನಲ್ಲಿ, ಗಾಡಿಯಲ್ಲಿ ಹಳೆಯವರು ಸಿಕ್ಕಾಗ ಅಪ್ಪನನ್ನು ಕರೆಯುತ್ತಿದ್ದ ರೀತಿ ಬದಲಾಗಿತ್ತು. "ಕಾಯ್ ಜಾಗತಾ ಪಹಾರಾ, ಝಾಲೀ ಕಾ ಝೋಪ್?" ನಿದ್ದೆ ಆಯಿತೇ ಎಂದು. ಅಪ್ಪ ನಕ್ಕು, "ಝಾಲೀ," ಎನ್ನುತ್ತಿದ್ದ. ಅವನ ಜೊತೆ ನಾನಿದ್ದಾಗಲೂ ಹಾಗೇ ಎನ್ನುತ್ತಿದ್ದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಆಯಿಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದ ದಿನ ಅವಳು ಅಪ್ಪನನ್ನು ನೋಡಿ, "ಎಷ್ಟ ಸೊರಗೀಯೋ," ಎಂದಳು. ಎರಡು ತಿಂಗಳಿದ್ದು ಊರಿಗೆ ಹೋದಳು.

ಅಪ್ಪನಿಗೆ ಬೇರೆ ಕಾರ್ಖಾನೆಯಲ್ಲಿ ಕೆಲಸ ಸಿಗಲಿಲ್ಲ. ಕೊನೆಗೆ ಡೊಂಬಿವಿಲಿಯಲ್ಲಿ ಹೊಸದಾಗಿ ಎದ್ದ ಒಂದು ಕಟ್ಟಡಕ್ಕೆ ವಾಚ್‌ಮನ್ ಆದ. ಅಲ್ಲಿಯ ಮಕ್ಕಳು "ಏ ವಾಚ್‌ಮನ್, ಬಾಲ್ ದೇ" ಎಂದು ಕೂಗುತ್ತಿದ್ದರು, ಅವನು ಚೆಂಡು ಎಸೆಯುತ್ತಿದ್ದ. ಗೇಟಿನ ಪಕ್ಕ ಅವನಿಗೊಂದು ಕುರ್ಚಿ ಕೊಟ್ಟಿದ್ದರು. ಆ ಕುರ್ಚಿಯಲ್ಲಿ ಅವನು ಕೂತದ್ದನ್ನು ನಾನು ನೋಡಲಿಲ್ಲ. ಹಗಲೆಲ್ಲ ನಿಂತಿರುತ್ತಿದ್ದ. ಮನೆಗೆ ಬಂದಾಗ ಕಾಲು ಬಾತಿರುತ್ತಿದ್ದವು. ಅವ್ವ ಬಿಸಿ ಉಪ್ಪುನೀರು ಬೋಗುಣಿಗೆ ಹಾಕಿ ಅವನ ಮುಂದೆ ಇಡುತ್ತಿದ್ದಳು.

"ಕುರ್ಚಿ ಕೊಟ್ಟಾರಲ್ಲ, ಕುಂದರಬಾರದೇನು?" ಎಂದು ಒಮ್ಮೆ ಅವ್ವ ಕೇಳಿದಳು.

"ಕುಂತ್ರ ನಿದ್ದಿ ಹತ್ತತೈತಿ," ಎಂದ.

ಅವ್ವ ಅವನ ಮುಖ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವನು ತಮಾಷೆಗೆ ಹೇಳಿರಲಿಲ್ಲ. ಆ ಮಧ್ಯಾಹ್ನ ಅವನು ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ತಾಯಿಯ ಕೈ ಹಿಡಿದು ನಿಂತಿದ್ದ ಎಂಬುದು ಅವನಿಗೇ ಮರೆತುಹೋಗುತ್ತಿದೆಯೇನೋ ಎಂದು ನನಗೆ ಭಯವಾಯಿತು. ಆಗಲಾದರೂ ನಾನು ಹೋಗಿ ಲೀಡರ್ ಮನೆಯ ಬಾಗಿಲು ಬಡಿಯಬಹುದಿತ್ತು. ನನಗೆ ಹದಿನೇಳು ವರ್ಷವಾಗಿತ್ತು, ಮರಾಠಿ ಅವನಿಗಿಂತ ಚೆನ್ನಾಗಿ ಬರುತ್ತಿತ್ತು. ಹೋಗಲಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಅಪ್ಪನಿಗೆ ಕಾಮಾಲೆ ಆಯಿತು. ಹದಿನೈದು ದಿನ ದವಾಖಾನೆಯಲ್ಲಿದ್ದ. ಅಲ್ಲಿ ನಾನೂ ಅವ್ವನೂ ಸರದಿಯ ಮೇಲೆ ಅವನ ಪಕ್ಕದಲ್ಲಿ ಕೂತೆವು. ಅವನು ಹೋದದ್ದು ಅವ್ವನ ಸರದಿಯಲ್ಲಿ, ಬೆಳಿಗ್ಗೆ, ನಾನು ಚಹಾ ತರಲು ಕೆಳಗೆ ಇಳಿದಾಗ.

ಹೆಣವನ್ನು ನಮ್ಮ ಖೋಲಿಯ ಮುಂದೆ ಇಟ್ಟಾಗ ಹಳೆಯ ಕಾರ್ಖಾನೆಯ ಇಬ್ಬರು ಬಂದರು. ಒಬ್ಬರು ಬಗ್ಗಿ ಅಪ್ಪನ ಕಾಲು ಮುಟ್ಟಿದರು. ಎದ್ದು ನಿಂತು ಪಕ್ಕದ ಮನೆಯವರಿಗೆ ಹೇಳಿದರು, "ಸೋನ್ಯಾಸಾರಖಾ ಮಾಣೂಸ್. ಏಕಚ್ ದಿವಸ್ ಝೋಪಲಾ." ಬಂಗಾರದಂಥ ಮನುಷ್ಯ. ಒಂದೇ ದಿನ ನಿದ್ದೆ ಮಾಡಿದ.

ಅವರು ಪ್ರೀತಿಯಿಂದಲೇ ಹೇಳಿದ್ದರು. ನಾನು ಬಾಯಿ ತೆರೆದೆ. ಅವ್ವ ನನ್ನ ಮುಂಗೈ ಹಿಡಿದಳು. "ಅಂವ ಹೇಳಿದ್ದು ಹಂಗ ಇರಲಿ. ಇವತ್ತ ಬ್ಯಾಡ," ಎಂದಳು. ನೆರೆಯವರು ಹೆಣ ಎತ್ತಿದರು. ಆ ಇಬ್ಬರೂ ಹೆಗಲು ಕೊಟ್ಟರು.

ಇವತ್ತ ಬ್ಯಾಡ ಎಂದಳೇ ಹೊರತು ಎಂದೂ ಬೇಡ ಎನ್ನಲಿಲ್ಲ ಎಂದು ನನಗೆ ಹೊಳೆದದ್ದು ತಡವಾಗಿ. ಒಂದು ವರ್ಷ ಕಳೆದ ಮೇಲೆ ಠಾಣೆಗೆ ಹೋದೆ. ಲೀಡರ್ ಇದ್ದ ಚಾಳನ್ನು ಕೆಡವಿದ್ದರು. ಅಲ್ಲಿಯ ಕಿರಾಣಿ ಅಂಗಡಿಯವನಿಗೆ ಅವರು ಎಲ್ಲಿಗೆ ಹೋದರೆಂದು ಗೊತ್ತಿರಲಿಲ್ಲ. ಡೊಂಬಿವಿಲಿಗೆ ಹೋಗಿ ಮಾಮಾರನ್ನು ಹುಡುಕಿದೆ. ಅವರು ಊರಿಗೆ ಹೋಗಿ ಅಲ್ಲಿಯೇ ತೀರಿಕೊಂಡಿದ್ದರು. ಬಾಗಿಲು ತೆರೆದ ಅವರ ಮಗ ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟ. ಹೆಣಕ್ಕೆ ಹೆಗಲು ಕೊಟ್ಟ ಆ ಇಬ್ಬರ ವಿಳಾಸವನ್ನು ನಾನು ಅವತ್ತು ಕೇಳಿಟ್ಟುಕೊಂಡಿರಲಿಲ್ಲ.

ಇದನ್ನು ಅಪ್ಪ ಕಲಿಸಿದ ಭಾಷೆಯಲ್ಲಿ ಬರೆದಿದ್ದೇನೆ. ಆ ಹಳೆಯ ಕೆಲಸಗಾರರಲ್ಲಿ ಹೆಚ್ಚಿನವರಿಗೆ ಇದನ್ನು ಓದಲು ಬರುವುದಿಲ್ಲ. ಆ ಮಧ್ಯಾಹ್ನ ಅಪ್ಪ ನಿದ್ದೆ ಮಾಡಿರಲಿಲ್ಲ, ಕಂಬಳಿಯಿಂದ ಎದ್ದವಳು ನಾನು. ಈ ಮಾತು ತಾಡಪತ್ರಿಯ ಕೆಳಗೆ ನಿಂತಿದ್ದ ಆ ಮೂವತ್ತು ಜನರಲ್ಲಿ ಯಾರಿಗೂ ಇನ್ನೂ ಮುಟ್ಟಿಲ್ಲ.